ಕೂಗಿಗೆ ಓಗೊಡದವನ ದಂಡ

ಅಪಾಯಕ್ಕೆ ಸಿಲುಕಿದವನನ್ನು ಕಂಡೂ ಕಾಣದಂತೆ ನಡೆದುಹೋಗುವವನನ್ನು ಕಾನೂನು ದಂಡಿಸಬೇಕೆ? ಈ ಪ್ರಶ್ನೆಯನ್ನು ಯಾರಾದರೂ ಎತ್ತಿದ ಕೂಡಲೇ ನಮ್ಮ ವಿದ್ಯಾವಂತರು ಯುರೋಪಿನತ್ತ ಕೈತೋರಿಸುವುದು ರೂಢಿ. ಫ್ರಾನ್ಸಿನಲ್ಲಿ 1941ರಲ್ಲಿ ಇಂಥ ಕಾನೂನು ಬಂತು. ಯುದ್ಧ ಮುಗಿದ ಮೇಲೆ 1945ರಲ್ಲಿ ಅದನ್ನು ಪರಿಷ್ಕರಿಸಿ ಉಳಿಸಿಕೊಂಡರು. ತನಗಾಗಲಿ ಇತರರಿಗಾಗಲಿ ಅಪಾಯವಿಲ್ಲದೆ ನೆರವಾಗಬಹುದಾಗಿದ್ದೂ ಸುಮ್ಮನಿದ್ದವನಿಗೆ ಅಲ್ಲಿ ಈಗ ಐದು ವರ್ಷಗಳವರೆಗೆ ಸೆರೆಮನೆವಾಸ ವಿಧಿಸಬಹುದು. ಜರ್ಮನಿಯಲ್ಲಿಯೂ ಇಂಥದೇ ಒಂದು ಕಲಮು ಇದೆ. ಇಂಗ್ಲೆಂಡಿನಲ್ಲಿ ಅಂಥ ಸಾಮಾನ್ಯ ನಿಯಮವಿಲ್ಲ. ಇಂಗ್ಲಿಷರಿಂದ ನ್ಯಾಯಪದ್ಧತಿಯನ್ನು ಪಡೆದ ನಮ್ಮಲ್ಲಿಯೂ ಇಲ್ಲ. ಹೀಗಾಗಿ ಇದು ಹೊರಗಿನಿಂದ ಬಂದ ಹೊಸ ವಿಚಾರವೆಂದು ನಾವು ತಿಳಿಯುತ್ತೇವೆ.

ಆದರೆ ಈ ಪ್ರಶ್ನೆಗೆ ನನ್ನ ಬೀದರ ಜಿಲ್ಲೆಯ ನೆಲದಲ್ಲಿಯೇ ಒಂಬತ್ತು ಶತಮಾನಗಳ ಹಿಂದೆ ಒಬ್ಬ ಪಂಡಿತನು ಉತ್ತರ ಬರೆದಿಟ್ಟಿದ್ದಾನೆ. ಆತ ವಿಜ್ಞಾನೇಶ್ವರ. ಬರೆದ ಊರು ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ. ಕಾಲ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನದು. ಗ್ರಂಥ, ಯಾಜ್ಞವಲ್ಕ್ಯಸ್ಮೃತಿಯ ಮೇಲಿನ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ. ಔರಾದ ತಾಲೂಕಿನ ಚಿಂತಾಕಿಯಲ್ಲಿ ಬಹುಕಾಲ ಮಾಸ್ತರಿಕೆ ಮಾಡಿದ ನನಗೆ ಈ ಗ್ರಂಥದ ಹೆಸರು ಮೊದಲು ಕಿವಿಗೆ ಬಿದ್ದದ್ದು ವಕೀಲರ ಬಾಯಿಂದ. ಅದೂ ಹೊಲದ ಪಾಲಿನ ಜಗಳದಲ್ಲಿ. ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ದೇಶದ ಬಹುಭಾಗದಲ್ಲಿ ಪ್ರಮಾಣವಾಗಿದ್ದ ಗ್ರಂಥವಲ್ಲವೆ ಅದು! ಆದರೆ ಅದರಲ್ಲಿ ಆಸ್ತಿಯ ಮಾತಷ್ಟೇ ಇಲ್ಲ.

ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಹಸಪ್ರಕರಣವೆಂಬ ಭಾಗವೊಂದುಂಟು. ಅಲ್ಲಿ ನೂರು ಪಣಗಳ ದಂಡಕ್ಕೆ ಅರ್ಹರಾದವರ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಒಬ್ಬನು, ಕೂಗು ಕೇಳಿದಾಗ ಓಡಿಹೋಗದವನು. ಕಳ್ಳರೇ ಮೊದಲಾದವರ ಭಯದಿಂದ ಕಂಗೆಟ್ಟವರು ಕೂಗಿಕೊಂಡಾಗ, ಶಕ್ತನಾಗಿದ್ದೂ ನೆರವಿಗೆ ಧಾವಿಸದವನು ಎಂದು ವಿಜ್ಞಾನೇಶ್ವರನು ಅರ್ಥ ಬಿಡಿಸುತ್ತಾನೆ. ‘ಶಕ್ತನಾಗಿದ್ದೂ’ ಎಂಬ ಮಾತನ್ನು ಗಮನಿಸಬೇಕು. ಮುದುಕನನ್ನು, ರೋಗಿಯನ್ನು, ಕೈಲಾಗದವನನ್ನು ಈ ದಂಡ ಮುಟ್ಟುವುದಿಲ್ಲ. ಎಂಟು ನೂರು ವರ್ಷಗಳ ಅನಂತರ ಫ್ರೆಂಚರು ತಮ್ಮ ಕಾನೂನಿಗೆ ಹಾಕಿಕೊಂಡ ಮಿತಿಯೂ ಇದಕ್ಕೆ ಬಹಳ ದೂರದ್ದಲ್ಲ.

ಮೂಲದಲ್ಲಿ ಬಳಸಿರುವ ಕ್ರಿಯಾಪದವೂ ನಮಗೆ ಅಪರಿಚಿತವಲ್ಲ. ನಾವು ಕನ್ನಡದಲ್ಲಿ ‘ಧಾವಿಸು’ ಎನ್ನುವ ಮಾತಿನ ಧಾತುವೇ ಅಲ್ಲಿದೆ. ಒಂದು ಪಕ್ಕಕ್ಕೆ ಮಹಾರಾಷ್ಟ್ರ, ಇನ್ನೊಂದು ಪಕ್ಕಕ್ಕೆ ತೆಲಂಗಾಣ ಇರುವ ನಮ್ಮ ಸೀಮೆಯಲ್ಲಿ ಕಷ್ಟಕ್ಕೆ ಸಿಕ್ಕವನು ಯಾವ ಭಾಷೆಯಲ್ಲಿ ಕೂಗಿದರೂ ಊರಿಗೆ ತಿಳಿಯುತ್ತದೆ. ಮರಾಠಿಯವನು ‘ಧಾವಾ’ ಎನ್ನುತ್ತಾನೆ. ಅದೂ ಅದೇ ಧಾತು. ದಖನಿಯವನು ‘ದೌಡೋ’ ಎನ್ನುತ್ತಾನೆ. ಕನ್ನಡದವನು ‘ಓಡಿ ಬರ್ರೆಪ್ಪೋ’ ಎನ್ನುತ್ತಾನೆ. ಕೂಗಿಗೆ ಪ್ರತ್ಯೇಕ ಭಾಷೆಯೆಂಬುದಿಲ್ಲ.

ವಿಜ್ಞಾನೇಶ್ವರನಿಗೆ ಇದು ಹೊಸ ವಿಚಾರವಾಗಿರಲಿಲ್ಲ. ಊರನ್ನು ಲೂಟಿ ಮಾಡುವಾಗ, ಕೆರೆಕಟ್ಟೆ ಒಡೆಯುವಾಗ, ದಾರಿಯಲ್ಲಿ ದರೋಡೆಯಾಗುವಾಗ ಶಕ್ತಿಯಿದ್ದಷ್ಟು ನೆರವಾಗದವರನ್ನು ಅವರ ಸಾಮಾನು ಸರಂಜಾಮು ಸಹಿತ ಊರುಬಿಡಿಸಬೇಕೆಂದು ಮನುಸ್ಮೃತಿ ಹೇಳುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಗಳಲ್ಲಿ ಕಂಡು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಊರಲ್ಲಿ ಬೆಂಕಿ ಬಿದ್ದಾಗ ಆರಿಸಲು ಓಡಿಬಾರದ ಮನೆಯೊಡೆಯನಿಗೆ ಹನ್ನೆರಡು ಪಣ, ಬಾಡಿಗೆಯವನಿಗೆ ಆರು ಪಣ ದಂಡವೆಂದಿದೆ. ಒಡೆಯನಿಗೂ ಬಾಡಿಗೆಯವನಿಗೂ ಇಟ್ಟ ಈ ತಾರತಮ್ಯದಲ್ಲಿ ಎಂಥ ಲೋಕಜ್ಞಾನವಿದೆ! ಪೊಲೀಸು ಠಾಣೆ, ಅಗ್ನಿಶಾಮಕ ದಳ ಇಲ್ಲದ ಕಾಲದಲ್ಲಿ ನೆರೆಯವನ ಕಾಲುಗಳೇ ರಾಜ್ಯದ ಕಾಲುಗಳಾಗಿದ್ದವು. ಆದುದರಿಂದ ಅವು ಓಡದಿದ್ದರೆ ರಾಜ್ಯವು ದಂಡ ಕೇಳುತ್ತಿತ್ತು.

ಇಷ್ಟನ್ನು ಹೇಳಿ, ನಮ್ಮ ಪೂರ್ವಿಕರು ಎಷ್ಟು ದೊಡ್ಡವರು ಎಂದು ಕೈಮುಗಿದು ಮಾತು ಮುಗಿಸಬಹುದಿತ್ತು. ಆದರೆ ಆ ಪಟ್ಟಿಯನ್ನು ಪೂರ್ತಿ ಓದಿದವನಿಗೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಕೂಗಿಗೆ ಓಡದವನನ್ನು ದಂಡಿಸುವ ಅದೇ ಶ್ಲೋಕದಲ್ಲಿ, ಮೇಲುಜಾತಿಯವರನ್ನು ಮುಟ್ಟಿದ ಚಂಡಾಲನಿಗೂ ದಂಡವಿದೆ. ಎರಡಕ್ಕೂ ಅದೇ ನೂರು ಪಣ. ಹಾಗಾದರೆ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಮೇಲುಜಾತಿಯವನೊಬ್ಬನು ನೀರಿನಲ್ಲಿ ಮುಳುಗುತ್ತ ಕೂಗುತ್ತಿದ್ದಾನೆ. ದಡದಲ್ಲಿರುವವನು ಹೊಲೆಗೇರಿಯ ಈಜುಬಲ್ಲ ಯುವಕ. ಓಡದಿದ್ದರೆ ಶಕ್ತನಾಗಿದ್ದೂ ಓಡಲಿಲ್ಲವೆಂದು ದಂಡ. ಓಡಿ ಕೈಹಿಡಿದರೆ ಮುಟ್ಟಿದನೆಂದು ದಂಡ. ಟೀಕಾಕಾರರು ಇದಕ್ಕೆ ಏನಾದರೊಂದು ಸಮಾಧಾನ ಹೇಳಿಯಾರು. ಆದರೆ ದಡದಲ್ಲಿ ನಿಂತ ಯುವಕನು ಟೀಕೆ ಓದಿದವನಲ್ಲ. ಅವನಿಗೆ ಗೊತ್ತಿರುವುದು ಊರಿನ ರೀತಿ. ಅವನು ಹಿಂಜರಿದರೆ ತಪ್ಪು ಯಾರದು?

ವಿಕ್ರಮಾದಿತ್ಯನು ತೀರಿಕೊಂಡ ಅರ್ಧ ಶತಮಾನದೊಳಗೆ ಇದೇ ಕಲ್ಯಾಣದ ಬೀದಿಗಳಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದುನಿಂತಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣರಾಗಿದ್ದ ಮಧುವರಸರ ಮಗಳಿಗೂ ಮದುವೆಯಾಯಿತೆಂಬ ಕಾರಣಕ್ಕೆ ಬಿಜ್ಜಳನ ಆಜ್ಞೆಯಂತೆ ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಊರ ಬೀದಿಯಲ್ಲಿ ಎಳೆಸುವ ಶಿಕ್ಷೆ ಅದು. ಬೀದಿಯ ಇಕ್ಕೆಲಗಳಲ್ಲಿ ಜನ ನಿಂತಿದ್ದಿರಲೇಬೇಕು. ಕೂಗಿಗೆ ಓಡದಿದ್ದರೆ ದಂಡವೆಂದು ಬರೆದಿಟ್ಟ ಊರಲ್ಲಿಯೇ, ಅಂದು ಓಡಿದ್ದರೆ ದಂಡವಾಗುತ್ತಿತ್ತು. ನೋವು ಕೊಡುತ್ತಿದ್ದುದು ಕಳ್ಳನಲ್ಲ, ರಾಜದಂಡವೇ ಆಗಿತ್ತು. ಯಾರ ಕೂಗನ್ನು ಕೂಗೆಂದು ಎಣಿಸಬೇಕು, ಯಾರ ಕೈಯನ್ನು ಸಹಾಯದ ಕೈಯೆಂದು ಒಪ್ಪಬೇಕು ಎಂಬುದು ಇತ್ಯರ್ಥವಾಗದೆ, ಓಡಿಬರಬೇಕೆಂಬ ವಿಧಿಗೆ ಪೂರ್ಣವಾದ ಅರ್ಥ ಬರುವುದಿಲ್ಲ ಎಂಬ ಪಾಠವನ್ನು ನಾನು ಕಲ್ಯಾಣದಿಂದ ಕಲಿತಿದ್ದೇನೆ.

ಇನ್ನು ಬ್ರಿಟಿಷರ ಕಾಲಕ್ಕೆ ಬರೋಣ. ಕೋಲ್‌ಬ್ರೂಕ್ ಎಂಬ ವಿದ್ವಾಂಸನು 1810ರಲ್ಲಿ ಮಿತಾಕ್ಷರದ ಒಂದು ಭಾಗವನ್ನು ಇಂಗ್ಲಿಷಿಗೆ ತಂದನು. ಅದು ದಾಯಭಾಗದ, ಎಂದರೆ ಆಸ್ತಿಯ ಪಾಲಿನ ಪ್ರಕರಣ. ಕಂಪನಿಯ ನ್ಯಾಯಾಲಯಗಳಿಗೆ ಬೇಕಾಗಿದ್ದುದು ಅದು. ಹೀಗೆ ವಿಜ್ಞಾನೇಶ್ವರನ ಗ್ರಂಥದಲ್ಲಿ ಅಣ್ಣತಮ್ಮಂದಿರು ಬೇರೆಯಾಗುವ ವಿಚಾರ ಕೋರ್ಟಿಗೆ ಹೋಯಿತು. ನೆರೆಯವರು ಒಂದಾಗಿ ಓಡುವ ವಿಚಾರ ಪುಸ್ತಕದಲ್ಲಿಯೇ ಉಳಿಯಿತು.

ಅಪರಾಧಗಳ ಕಾನೂನನ್ನು ಹೊಸದಾಗಿಯೇ ರಚಿಸಲಾಯಿತು. ಮೆಕಾಲೆಯ ನೇತೃತ್ವದ ಆಯೋಗವು 1837ರಲ್ಲಿ ಸಿದ್ಧಪಡಿಸಿದ ಕರಡೇ ಮುಂದೆ 1860ರಲ್ಲಿ ಭಾರತೀಯ ದಂಡಸಂಹಿತೆಯಾಯಿತು. ಮೆಕಾಲೆಯನ್ನು ನಮ್ಮವರು ಬೇರೆ ಕಾರಣಗಳಿಗಾಗಿ ಬಯ್ಯುತ್ತಾರೆ. ಆದರೆ ಈ ವಿಷಯವನ್ನು ಆತ ಲಘುವಾಗಿ ತಳ್ಳಿಹಾಕಲಿಲ್ಲ. ಕರಡಿಗೆ ಬರೆದ ಟಿಪ್ಪಣಿಯಲ್ಲಿ ಹೊಳೆ ದಾಟುವವನ ಉದಾಹರಣೆಯೊಂದಿದೆ. ಹೊಳೆ ತುಂಬಿ ಹರಿಯುತ್ತಿದೆ; ಪ್ರಯಾಣಿಕನಿಗೆ ಅದು ತಿಳಿಯದು; ತಿಳಿದವನೊಬ್ಬನು ಎಚ್ಚರಿಸದೆ ಸುಮ್ಮನಿದ್ದಾನೆ; ಪ್ರಯಾಣಿಕನು ಸಾಯುತ್ತಾನೆ. ಸುಮ್ಮನಿದ್ದವನು ಎಚ್ಚರಿಸಲೆಂದೇ ಅಲ್ಲಿ ನೇಮಕವಾದವನಾದರೆ, ಅಥವಾ ದಾರಿ ತೋರಿಸಲು ಒಪ್ಪಿಕೊಂಡವನಾದರೆ, ಅದು ಕೊಲೆ. ಬರಿಯ ಮನುಷ್ಯತ್ವದ ಹೊರತು ಬೇರೆ ಸಂಬಂಧವಿಲ್ಲದವನಾದರೆ, ಅಪರಾಧವಲ್ಲ.

ಈ ಉದಾಹರಣೆಯನ್ನು ಓದಿದಾಗ ನನಗೆ ನಮ್ಮ ಮಾಂಜ್ರಾ ನದಿ ಕಣ್ಣಮುಂದೆ ಬಂತು. ಔರಾದಿನವರು ಬೀದರಕ್ಕೆ ಹೋಗಬೇಕಾದರೆ ಅದನ್ನು ದಾಟಲೇಬೇಕು. ಸೇತುವೆಗಳಿಲ್ಲದ ದಿನಗಳಲ್ಲಿ, ಮಳೆಗಾಲದಲ್ಲಿ, ದಡದ ಊರಿನವರು ‘ಇವತ್ತ ಇಳೀಬ್ಯಾಡ್ರೀ’ ಎಂದು ಹೇಳುವ ಒಂದು ಮಾತಿನ ಮೇಲೆ ಪ್ರಾಣ ನಿಂತಿರುತ್ತಿತ್ತು. ಆ ಒಂದು ಮಾತನ್ನೂ ಕಾನೂನು ಕೇಳಬಾರದೆ?

ಕೇಳಿದರೆ ಗೆರೆಯನ್ನು ಎಲ್ಲಿ ಎಳೆಯುವುದು ಎಂಬುದು ಮೆಕಾಲೆಯ ಪ್ರಶ್ನೆ. ಹಸಿದು ಸಾಯುವ ಭಿಕ್ಷುಕನಿಗೆ ಅನ್ನ ಕೊಡದ ಶ್ರೀಮಂತನು ಕೊಲೆಗಾರನೆನ್ನೋಣ; ಹಾಗಾದರೆ ಎಷ್ಟು ಸಿರಿಯುಳ್ಳವನು, ಎಷ್ಟು ಅನ್ನ ಕೊಡಬೇಕು? ಒಂದು ಶಸ್ತ್ರಚಿಕಿತ್ಸೆಯನ್ನು ದೇಶದಲ್ಲಿ ಒಬ್ಬ ವೈದ್ಯನೇ ಬಲ್ಲನೆಂದರೆ, ಅವನು ಕಲ್ಕತ್ತೆಯಿಂದ ಮೀರತ್ತಿನವರೆಗೂ ಹೋಗಬೇಕೆ? ಆದುದರಿಂದ ಕೇಡು ಮಾಡುವವನನ್ನು ತಡೆಯುವುದಷ್ಟು ಕಾನೂನಿನ ಕೆಲಸ. ಒಳಿತು ಮಾಡಲು ಪ್ರೇರಿಸುವುದು ಲೋಕಾಭಿಪ್ರಾಯಕ್ಕೂ ನೀತಿ ಧರ್ಮಗಳ ಬೋಧಕರಿಗೂ ಬಿಟ್ಟದ್ದು ಎಂದು ಆತ ತೀರ್ಮಾನಿಸಿದನು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರಕ್ಕೆ ಈ ಸಂಹಿತೆ ತಡವಾಗಿ, 1951ರಲ್ಲಿ ಬಂತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಈ ಒಂದು ವಿಷಯದಲ್ಲಿ ಮಾತ್ರ ಮೆಕಾಲೆ ಎಳೆದ ಗೆರೆ ಇದ್ದಲ್ಲಿಯೇ ಇದೆ.

ಆದರೂ ನಮ್ಮ ಕಾನೂನು ಪ್ರಜೆಯಿಂದ ಏನನ್ನೂ ಕೇಳುವುದಿಲ್ಲವೆಂದು ಹೇಳುವಂತಿಲ್ಲ. ಕೊಲೆ, ದರೋಡೆಯಂಥ ಕೆಲವು ಅಪರಾಧಗಳು ನಡೆದದ್ದು ಅಥವಾ ನಡೆಯಲಿರುವುದು ತಿಳಿದವನು ತಕ್ಕ ಕಾರಣವಿಲ್ಲದೆ ಸುಮ್ಮನಿರುವಂತಿಲ್ಲ, ಕೂಡಲೇ ತಿಳಿಸಬೇಕು ಎಂಬ ನಿಯಮ ದಂಡಪ್ರಕ್ರಿಯಾ ಸಂಹಿತೆಯಲ್ಲಿತ್ತು. ಅದರ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದೂ ವರದಿ ಮಾಡದವನಿಗೆ 2012ರ ಕಾನೂನು ಶಿಕ್ಷೆಯನ್ನೇ ವಿಧಿಸಿದೆ. ವಿಚಿತ್ರವೆಂದರೆ ಇದು: ಕೊಲೆಯಾಗಲಿದೆಯೆಂದು ತಿಳಿಸುವುದು ನನ್ನ ಕರ್ತವ್ಯ, ಕೆರೆಯಲ್ಲಿ ಮಗುವೊಂದು ಮುಳುಗುತ್ತಿದೆಯೆಂದು ಕೂಗಿ ಹೇಳುವುದು ನನ್ನ ಇಚ್ಛೆ.

ನೆರವಿಗೆ ಹೋದವನಿಗೆ ನಾವು ಕೊಟ್ಟ ಬಹುಮಾನವಾದರೂ ಎಂಥದು! ನಮ್ಮೂರಿನ ಜೀಪಿನ ಚಾಲಕನೊಬ್ಬನು ಒಮ್ಮೆ ರಸ್ತೆಯಲ್ಲಿ ಬಿದ್ದಿದ್ದ ಗಾಯಾಳುವನ್ನು ದವಾಖಾನೆಗೆ ಸಾಗಿಸಿದ್ದನು. ಗುದ್ದಿದವನು ನೀನೇ ಏನೋ ಎಂಬ ಮಾತು ಕೇಳಿದನು. ಇಡೀ ರಾತ್ರಿ ಕಾದನು. ಮುಂದೆ ಸಾಕ್ಷಿಗೆಂದು ಹಲವು ಸಲ ಬಾಡಿಗೆ ಬಿಟ್ಟು ಅಲೆದನು. ‘ಮಾಸ್ತರ್ರೀ, ಇನ್ನೊಮ್ಮೆ ಇಂಥಾದ್ದು ಕಂಡರ ಗಾಡಿ ನಿಂದರ್ಸಾಂವಲ್ಲ ನಾ’ ಎಂದು ನನ್ನ ಮುಂದೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಇಂಥವನನ್ನು ಕಟುಕನೆನ್ನಲು ನನಗೆ ಬಾಯಿ ಬರಲಿಲ್ಲ. ಕೈ ಚಾಚಿದವನ ಕೈಯನ್ನೇ ಹಿಡಿದುಹಾಕುವ ಹಳೆಯ ರೀತಿ ಬೇರೆ ವೇಷದಲ್ಲಿ ಮುಂದುವರಿದಿತ್ತು, ಅಷ್ಟೆ.

ನಮ್ಮ ನ್ಯಾಯಾಲಯಗಳು ಇದನ್ನು ಗುರುತಿಸಿದವು. ಸ್ಕೂಟರ್ ಅಪಘಾತದ ಗಾಯಾಳುವೊಬ್ಬನನ್ನು ಒಂದು ಆಸ್ಪತ್ರೆಯವರು ದೂರದ ಇನ್ನೊಂದು ಆಸ್ಪತ್ರೆಗೆ ಕಳುಹಿಸಿ, ಅವನು ದಾರಿಯಲ್ಲಿಯೇ ತೀರಿಕೊಂಡ ಪ್ರಕರಣದ ಹಿನ್ನೆಲೆಯಲ್ಲಿ, ಪರಮಾನಂದ ಕಟಾರಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ತೀರ್ಪು ಕೊಟ್ಟಿತು. ಸರ್ಕಾರಿಯಿರಲಿ ಖಾಸಗಿಯಿರಲಿ, ವೈದ್ಯನ ಮೊದಲ ಕರ್ತವ್ಯ ಪ್ರಾಣ ಉಳಿಸುವುದು. ಪೊಲೀಸು ಕಾಗದಪತ್ರ ಆಮೇಲಿನದು. ರಸ್ತೆಯಲ್ಲಿ ನೆರವಾದವನನ್ನು ಪೀಡಿಸಬಾರದೆಂದು 2015ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಗಳಿಗೆ 2016ರ ಮಾರ್ಚ್ 30ರಂದು ಅದೇ ನ್ಯಾಯಾಲಯ ಕಾನೂನಿನ ಬಲ ಕೊಟ್ಟಿತು. ನೆರವಿನ ಕೈಗೆ ರಕ್ಷಣೆ ಕೊಡುವ ತನ್ನದೇ ಮಸೂದೆಯನ್ನು ಕರ್ನಾಟಕದ ವಿಧಾನಮಂಡಲ ಅದೇ ವರ್ಷ ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾನೂನಿಗೂ ಇಂಥ ಕಲಮು ಸೇರಿತು. ಈಗ ಗಾಯಾಳುವನ್ನು ಸಾಗಿಸಿದವನು ತನ್ನ ಹೆಸರು ಹೇಳಲೇಬೇಕೆಂದಿಲ್ಲ. ಅವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಕಲ್ಯಾಣದ ಶ್ಲೋಕ ಓಡದವನನ್ನು ದಂಡಿಸಿತು. ನಮ್ಮ ಕಾಲದ ಕಾನೂನು ಓಡಿದವನನ್ನು ಕಾಯುತ್ತೇನೆ ಎನ್ನುತ್ತಿದೆ. ಒಂದು ಇನ್ನೊಂದರ ಪೂರಕವೆಂದೇ ನಾನು ತಿಳಿಯುತ್ತೇನೆ.

ಇಷ್ಟಕ್ಕೆ ನಿಂತಿದ್ದರೆ ತೀರ್ಮಾನ ಸುಲಭವಾಗಿತ್ತು. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ, ಬಸ್ಸಿಗೆ ಸಿಕ್ಕಿ ರಕ್ತದ ಮಡುವಿನಲ್ಲಿ ಬಿದ್ದಿದ್ದ ಸೈಕಲ್ ಸವಾರ ಹುಡುಗನೊಬ್ಬನು ಕೈಚಾಚಿ ಬೇಡುತ್ತಿದ್ದಾಗ ಸುತ್ತ ನೆರೆದವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಆ ಹುಡುಗನು ಉಳಿಯಲಿಲ್ಲ. ಅದನ್ನು ಓದಿದ ದಿನ ನಾನೂ ಎಲ್ಲರಂತೆ, ಇವರಿಗೊಂದು ಕಾನೂನು ಬೇಕು ಎಂದೆ. ಆದರೆ ಮರುವರ್ಷ ನಮ್ಮ ಔರಾದ ಸೀಮೆಯಲ್ಲಿಯೇ ನಡೆದದ್ದು ಆ ಸುಲಭದ ತೀರ್ಮಾನವನ್ನು ಕದಲಿಸಿತು.

2018ರ ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗುಲ್ಲು ಆ ದಿನಗಳಲ್ಲಿ ದೇಶದ ತುಂಬ ಮೊಬೈಲುಗಳಲ್ಲಿ ಹಬ್ಬಿತ್ತು. ಕೂಗು ಎದ್ದಿತು. ಕಾರು ಓಡಿತು, ಕಾರಿಗಿಂತ ಮೊದಲೇ ಸುದ್ದಿ ಮುಂದಿನ ಊರು ಮುಟ್ಟಿತು. ಮುರ್ಕಿ ಗ್ರಾಮದ ಬಳಿ ಕಾರು ಉರುಳಿತು. ಸಾಲದೆಂಬಂತೆ ನೂರಾರು ಜನ ಮುತ್ತಿಕೊಂಡು ಹೊಡೆದರು. ಒಬ್ಬ ತರುಣ ಎಂಜಿನಿಯರ್ ಪ್ರಾಣ ಕಳೆದುಕೊಂಡನು. ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಅಡ್ಡ ನಿಂತು ಬಿಡಿಸಲು ಹೆಣಗಿದ ಪೊಲೀಸರಲ್ಲಿಯೂ ಕೆಲವರಿಗೆ ಏಟು ಬಿತ್ತು. ಗುಂಪು ಹತ್ಯೆಗಳನ್ನು ತಡೆಯಲು ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ವಿವರವಾದ ಆದೇಶಗಳನ್ನು ಕೊಟ್ಟದ್ದು ಇದಾದ ನಾಲ್ಕನೆಯ ದಿನ, ಜುಲೈ 17ರಂದು.

ಕೊಪ್ಪಳದಲ್ಲಿ ಯಾರೂ ಓಡಿಬರಲಿಲ್ಲವೆಂದು ಅತ್ತೆವು. ಮುರ್ಕಿಯಲ್ಲಿ ಎಲ್ಲರೂ ಓಡಿಬಂದರು! ‘ಮಕ್ಕಳನ್ನು ಒಯ್ಯುತ್ತಿದ್ದಾರೆ’ ಎಂಬ ಕೂಗಿಗೆ ಓಗೊಟ್ಟೇ ಬಂದರು. ತಾವು ಮಾಡುತ್ತಿರುವುದು ರಕ್ಷಣೆಯೆಂದು ಅವರಲ್ಲಿ ಹಲವರು ನಂಬಿದ್ದಿರಬೇಕು. ಅಪಾಯದಲ್ಲಿದ್ದವರು ಯಾರು ಎಂದು ನಿಂತು ನೋಡುವ ವ್ಯವಧಾನವೊಂದು ಅವರಿಗಿರಲಿಲ್ಲ. ಆಗ ನಾನು ವಿಜ್ಞಾನೇಶ್ವರನ ಪಟ್ಟಿಯನ್ನು ಮತ್ತೊಮ್ಮೆ ತೆರೆದೆ. ಕೂಗಿಗೆ ಓಡದವನ ಪಕ್ಕದಲ್ಲಿಯೇ, ಕಾರಣವಿಲ್ಲದೆ ಕೂಗಿದವನೂ ಅಲ್ಲಿ ಕುಳಿತಿದ್ದಾನೆ. ಅವನಿಗೂ ಅಷ್ಟೇ ದಂಡ. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿದವನಿಗೆ ಜನರ ಗುಂಪು ಎಂದರೆ ಏನೆಂದು ಗೊತ್ತಿತ್ತು. ಕೂಗಿಗೆ ಜನ ಓಡಬೇಕಾದರೆ, ಕೂಗು ನಿಜವಾಗಿರಬೇಕು. ಸುಳ್ಳು ಕೂಗಿಗೆ ಬೆಲೆ ತೆರುವವರಿದ್ದರೆ ಮಾತ್ರ ನಿಜವಾದ ಕೂಗಿಗೆ ಬೆಲೆ ಉಳಿಯುತ್ತದೆ.

ಹಾಗಾದರೆ ನನ್ನ ಉತ್ತರವೇನು? ಕಾನೂನು ಬೇಕು, ಆದರೆ ಅದು ಕೇಳುವುದು ಸ್ವಲ್ಪವೇ ಆಗಿರಬೇಕು. ಪ್ರವಾಹಕ್ಕೆ ಹಾರು, ಉರಿಯುವ ಮನೆಗೆ ನುಗ್ಗು ಎಂದು ಯಾವ ಸರ್ಕಾರವೂ ಪ್ರಜೆಗೆ ಹೇಳಬಾರದು. ಅದು ವೀರರ ಕೆಲಸ. ವೀರತ್ವವನ್ನು ಕಲಮು ಹಾಕಿ ಬೆಳೆಸಲಾಗದು. ಆದರೆ ಮೆಕಾಲೆಗೆ ಕಾಣದಿದ್ದ ಗೆರೆಯೊಂದು ನಮ್ಮ ಕಾಲದಲ್ಲಿ ತಾನಾಗಿಯೇ ಮೂಡಿದೆ. ಕರ್ನಾಟಕದಲ್ಲಿ 108ರ ಆಂಬ್ಯುಲೆನ್ಸ್ ಸೇವೆ 2008ರಲ್ಲಿ ಆರಂಭವಾಯಿತು; ಈಗ 112 ಎಂಬ ಒಂದೇ ಸಂಖ್ಯೆಗೆ ಪೊಲೀಸರೂ ಓಗೊಡುತ್ತಾರೆ. ಕಲ್ಕತ್ತೆಯಿಂದ ಮೀರತ್ತಿಗೆ ಹೋಗೆಂದು ಯಾರೂ ಕೇಳುತ್ತಿಲ್ಲ. ಚಿತ್ರ ತೆಗೆಯಲು ಕೈಯಲ್ಲಿ ಹಿಡಿದ ಆ ಯಂತ್ರದಿಂದಲೇ ಮೂರು ಅಂಕಿ ಒತ್ತು ಎನ್ನುವುದು ಅತಿಯಾದ ಬೇಡಿಕೆಯಲ್ಲ. ಕೊಪ್ಪಳದಲ್ಲಿ ಅದು ನೆರವು ಕರೆಯುತ್ತಿತ್ತು. ಮುರ್ಕಿಯ ದಾರಿಯಲ್ಲಿಯೂ, ಸಂದೇಹ ಬಂದ ಮೊದಲ ಗಳಿಗೆಯಲ್ಲಿ ವಾಟ್ಸಾಪಿನ ಬದಲು ಠಾಣೆಗೆ ಸುದ್ದಿ ಹೋಗಿದ್ದರೆ ಒಂದು ಪ್ರಾಣ ಉಳಿಯಬಹುದಿತ್ತು.

ಇದರ ಅಪಾಯವನ್ನೂ ನಾನು ಮರೆತಿಲ್ಲ. ಇಂಥ ಕಾನೂನು ಬಡವನ ಕೊರಳಿಗೆ ಉರುಲಾಗಬಾರದು. ಹೊಲದಲ್ಲಿ ಒಂಟಿಯಾಗಿದ್ದ ಕೂಲಿಯ ಹೆಂಗಸು, ಊರ ಗೌಡನಿಗೆ ಅಂಜಿ ಬಾಯಿಬಿಡದ ಜೀತದಾಳು, ಇಂಥವರನ್ನು ಸುಮ್ಮನಿದ್ದೆಯೇಕೆ ಎಂದು ಎಳೆದಾಡಿದರೆ ಅದು ನ್ಯಾಯವಲ್ಲ. ‘ಶಕ್ತನಾಗಿದ್ದೂ’ ಎಂಬ ವಿಜ್ಞಾನೇಶ್ವರನ ಮಾತಿನೊಳಗೆ ಅಂಜಿಕೆಯಿಲ್ಲದವನು ಎಂಬ ಅರ್ಥವನ್ನೂ ಸೇರಿಸಬೇಕು. ದಂಡವು ಹಣದ ದಂಡವಾಗಿದ್ದರೆ ಸಾಕು, ಸೆರೆಮನೆ ಬೇಡ. ತಿಳಿಸಿದವನನ್ನು ಅಲೆದಾಡಿಸಿದ ಅಧಿಕಾರಿಗೂ ಅಷ್ಟೇ ದಂಡವಿರಲಿ. ಸುಳ್ಳು ಕೂಗು ಹಬ್ಬಿಸಿದವನಿಗೆ ಇವೆರಡಕ್ಕಿಂತ ಹೆಚ್ಚಿರಲಿ.

ಇಷ್ಟಾದರೂ ಕಾನೂನು ಮಾಡಲಾರದ ಒಂದು ಕೆಲಸ ಉಳಿದೇ ಇರುತ್ತದೆ. ನೀರಿನ ದಡದಲ್ಲಿ ನಿಂತ ಆ ಯುವಕನು ಹಿಂಜರಿಯದೆ ಧುಮುಕಬೇಕಾದರೆ, ಅವನ ಕೈ ತಮ್ಮ ಕೈಯಂಥದೇ ಎಂದು ಊರು ಮೊದಲೇ ಒಪ್ಪಿರಬೇಕು. ಅಪರಿಚಿತ ಕಾರಿನವನು ಉಳಿಯಬೇಕಾದರೆ, ಅವನೂ ಯಾರದೋ ಮಗನೆಂದು ಓಡಿಬಂದವರಿಗೆ ಹೊಳೆಯಬೇಕು. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನವು 1950ರಲ್ಲಿಯೇ ನಿಷೇಧಿಸಿ ಆ ಶ್ಲೋಕದ ಒಂದು ಪಾದವನ್ನು ಅಳಿಸಿಹಾಕಿದೆ. ಉಳಿದೆರಡು ಪಾದಗಳನ್ನು, ಎಂದರೆ ನಿಜವಾದ ಕೂಗಿಗೆ ಓಡಬೇಕೆಂಬುದನ್ನೂ ಸುಳ್ಳು ಕೂಗನ್ನು ಎಬ್ಬಿಸಬಾರದೆಂಬುದನ್ನೂ, ಕಲ್ಯಾಣದಿಂದ ಮರಳಿ ಪಡೆದುಕೊಳ್ಳಲು ನಾವು ನಾಚಬೇಕಾಗಿಲ್ಲ. ಅವನ್ನು ಕಾನೂನಿನ ಪುಸ್ತಕಕ್ಕೆ ಸೇರಿಸುವವರು ಶಾಸನಸಭೆಯವರು. ಚಿಂತಾಕಿಯಂಥ ಊರಿನ ಶಾಲೆಯಲ್ಲಿ ಮಕ್ಕಳಿಗೆ ಅದನ್ನು ಹೇಳಿಕೊಡುವುದಕ್ಕೆ ಮಾತ್ರ ನಾವು ಅವರ ದಾರಿ ಕಾಯಬೇಕಾದ ಅಗತ್ಯವಿಲ್ಲ.